ಸಿಮೆಂಟ್ ಇಳಿಯಿತು, ಸಾಗವಾನಿ ಯಾಕೆ ಇಳಿಯಲಿಲ್ಲ?

2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಸೇಡಂ, ವಾಡಿ ಕಡೆ ಫ್ಯಾಕ್ಟರಿಗಳನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ಕಲಬುರಗಿ ಜಿಲ್ಲೆಗೆ ಇದು ಸಣ್ಣ ಸುದ್ದಿ ಅಲ್ಲ. ಅದೇ ವರ್ಷ ಇನ್ನೊಂದು ಸುದ್ದಿಯೂ ಬಂತು. ಅಮೆರಿಕದಲ್ಲಿ ಓಕ್, ಆ್ಯಶ್ ಥರದ ಗಟ್ಟಿ ಕಟ್ಟಿಗೆಗೆ ಬೇಡಿಕೆ ಇಲ್ಲ, ಚೀನಾ ಖರೀದಿ ನಿಲ್ಲಿಸಿದೆ, ಸಾ ಮಿಲ್‌ಗಳು ಬಾಗಿಲು ಹಾಕುತ್ತಿವೆ ಅಂತ.

ಎರಡನ್ನೂ ಓದಿದವರು ಸಹಜವಾಗಿ ಒಂದು ಲೆಕ್ಕ ಹಾಕಿದರು. ತೆರಿಗೆ ಇಳಿದಿದೆ, ಜಗತ್ತಿನಲ್ಲಿ ಕಟ್ಟಿಗೆ ಕೊಳ್ಳುವವರಿಲ್ಲ, ಹಾಗಾದರೆ ಮನೆ ಚೌಕಟ್ಟಿನ ರೇಟೂ ಇಳಿಯಬೇಕಲ್ವಾ? ಕಟ್ಟಿಗೆ ಅಡ್ಡೆಗೆ ಹೋಗಿ ಕೇಳಿದರೆ ಸಾಗವಾನಿ ದರ ಜಗ್ಗುವ ಲಕ್ಷಣ ಇಲ್ಲ. ಅಲ್ಲಿಂದ ಶುರು ಅನುಮಾನ: ವ್ಯಾಪಾರಿಗಳು ನಮಗೆ ಟೋಪಿ ಹಾಕುತ್ತಿದ್ದಾರೆ.

ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಹೂಡಿದ ಜಾಗ ತಪ್ಪು. ಮೋಸ ಆಗುವುದಿದ್ದರೆ ಅದು ತೆರಿಗೆಯಲ್ಲಿ ಆಗುವುದು ಕಡಿಮೆ, ಅಳತೆಯಲ್ಲಿ ಜಾಸ್ತಿ. ಇನ್ನು ಜಗತ್ತಿನ ಮಾರುಕಟ್ಟೆಯ ಸುದ್ದಿ ಇದೆಯಲ್ಲ, ಅದು ಬೇರೆಯೇ ಕಟ್ಟಿಗೆಯ ಸುದ್ದಿ.

ಇಳಿದದ್ದು ಯಾವ ತೆರಿಗೆ?

ಮೊದಲು ಇದನ್ನು ಮುಗಿಸಿಬಿಡೋಣ. ಸೆಪ್ಟೆಂಬರ್‌ನ ಜಿಎಸ್‌ಟಿ ಬದಲಾವಣೆಯಲ್ಲಿ ಮರಕ್ಕೆ ಸಂಬಂಧಪಟ್ಟ ಕೆಲವು ಸಾಮಾನುಗಳು ಶೇ 12ರಿಂದ ಶೇ 5ಕ್ಕೆ ಬಂದವು. ಬಿದಿರಿನ ಕುರ್ಚಿ ಮೇಜು, ಮರದ ಕೆತ್ತನೆಯ ಕರಕುಶಲ ವಸ್ತು, ಕೃಷಿ ತ್ಯಾಜ್ಯದಿಂದ ಮಾಡಿದ ಬೋರ್ಡು, ಇಂಥವು. ಟಿವಿಯ ಕೆಳಗಿನ ಪಟ್ಟಿಯಲ್ಲಿ 'ಮರದ ವಸ್ತು ಅಗ್ಗ' ಅಂತ ಓಡಿದ್ದು ಇವನ್ನು ಹಿಡಿದು.

ಮರದ ದಿಮ್ಮಿಗೆ ಮೊದಲೂ ಶೇ 18, ಈಗಲೂ ಶೇ 18. ಸೀಳಿದ ಹಲಗೆ, ತೊಲೆಗೂ ಅಷ್ಟೇ. ಪ್ಲೈವುಡ್, ಬಾಗಿಲು, ಸಾಮಾನ್ಯ ಮರದ ಮಂಚಕ್ಕೂ ಅಷ್ಟೇ. ಅಂದರೆ ಸಾಗವಾನಿ ಚೌಕಟ್ಟು ಕೊಳ್ಳುವವರಿಗೆ ಆ ದಿನ ಏನೂ ಬದಲಾಗಲಿಲ್ಲ. ಇಳಿಯದ ತೆರಿಗೆಯ ಲಾಭವನ್ನು ವ್ಯಾಪಾರಿ ಗಿರಾಕಿಗೆ ದಾಟಿಸಲಿಲ್ಲ ಅಂತ ದೂರುವುದರಲ್ಲಿ ಅರ್ಥ ಇಲ್ಲ.

ಒಂದು ಮಾತು ಮಾತ್ರ ಇದೆ. ಎಷ್ಟೋ ಕಡೆ 'ಬಿಲ್ ಬೇಕಾ, ಹಾಗೇ ಸಾಕಾ' ಅಂತ ಎರಡು ರೇಟು ಹೇಳುತ್ತಾರೆ. ಬಿಲ್ ಇಲ್ಲದೆ ತಂದವರಿಗೆ ಆಮೇಲೆ ಕಟ್ಟಿಗೆ ಬಿರುಕು ಬಿಟ್ಟರೆ, ಒಳಗೆ ಬಿಳಿಪು (ತೊಗಟೆಯ ಕೆಳಗಿನ ಎಳೆಯ ಬಿಳಿ ಭಾಗ) ಸಿಕ್ಕರೆ, ಕೇಳುವುದಕ್ಕೆ ಕಾಗದ ಇರುವುದಿಲ್ಲ. ಉಳಿಸಿದ ದುಡ್ಡಿನ ಬೆಲೆ ಅಲ್ಲಿ ತಿಳಿಯುತ್ತದೆ.

ಜಗತ್ತಿನ ಸುದ್ದಿಯಲ್ಲಿ ಬರುವ ಕಟ್ಟಿಗೆ ನಮ್ಮದಲ್ಲ

ಮೊಬೈಲ್‌ನಲ್ಲಿ 'ಲಂಬರ್ ದರ ಕುಸಿತ' ಅಂತ ಬರುವ ಸುದ್ದಿಗಳಲ್ಲಿ ಬಹುಪಾಲು ಷಿಕಾಗೋದ ವಾಯಿದೆ ಮಾರುಕಟ್ಟೆಯವು, ಅಂದರೆ ಮುಂದೆ ಕೊಡುವ ಮಾಲಿಗೆ ಈಗಲೇ ದರ ಕಟ್ಟುವ ಪೇಟೆ. ಅಲ್ಲಿ ವ್ಯಾಪಾರ ಆಗುವುದು ಪೈನ್, ಸ್ಪ್ರೂಸ್, ಫರ್ ಜಾತಿಯ ಮೆತ್ತನೆ ಕಟ್ಟಿಗೆ. ಅಮೆರಿಕ, ಕೆನಡಾದಲ್ಲಿ ಮನೆಯ ಗೋಡೆಯ ಅಸ್ಥಿಪಂಜರ ಕಟ್ಟುವುದೇ ಅದರಿಂದ. ಕೊರೋನಾ ಕಾಲದಲ್ಲಿ, 2021ರ ಮೇ ತಿಂಗಳಲ್ಲಿ, ಆ ದರ ಸಾವಿರ ಬೋರ್ಡ್ ಅಡಿಗೆ (ಒಂದು ಬೋರ್ಡ್ ಅಡಿ ಅಂದರೆ ಒಂದಡಿ ಉದ್ದ, ಒಂದಡಿ ಅಗಲ, ಒಂದು ಇಂಚು ದಪ್ಪ) 1,600 ಡಾಲರ್ ದಾಟಿತ್ತು. ಆಮೇಲೆ ದಬಕ್ಕನೆ ಬಿತ್ತು. ಆ ಏರಿಳಿತಕ್ಕೂ ನಮ್ಮ ಸಾಗವಾನಿಗೂ ಸಂಬಂಧ ಇಲ್ಲ. ಜೋಳದ ಪೇಟೆ ನೋಡಿ ತೊಗರಿ ದರ ಹೇಳಿದ ಹಾಗೆ ಆಗುತ್ತದೆ.

2025ರ ಅಕ್ಟೋಬರ್ 14ರಿಂದ ಅಮೆರಿಕ ಆಮದು ಕಟ್ಟಿಗೆಯ ಮೇಲೆ ಹಾಕಿದ ಶೇ 10ರ ಹೊಸ ಸುಂಕವೂ ಈ ಮೆತ್ತನೆ ಜಾತಿಗೇ. ಜೊತೆಗೆ ಅಡುಗೆಮನೆ ಕಪಾಟು, ಸೋಫಾದಂಥ ಗಾದಿ ಹಾಕಿದ ಮರದ ಪೀಠೋಪಕರಣಕ್ಕೆ ಶೇ 25 ಹಾಕಿದರು. ಇದರಿಂದ ಪೆಟ್ಟು ಬೀಳುವುದು ಅಲ್ಲಿಗೆ ಪೀಠೋಪಕರಣ ಕಳಿಸುವವರಿಗೆ.

ಗಟ್ಟಿ ಕಟ್ಟಿಗೆಗೆ ಇಂಥ ವಾಯಿದೆ ಮಾರುಕಟ್ಟೆಯೇ ಇಲ್ಲ. ಯಾಕೆ ಅಂದರೆ ಓಕ್ ಬೇರೆ, ವಾಲ್‌ನಟ್ ಬೇರೆ, ಸಾಗವಾನಿ ಬೇರೆ. ಒಂದೇ ಸಾಗವಾನಿಯಲ್ಲಿ ಗಂಟಿರುವ ದಿಮ್ಮಿ ಬೇರೆ, ನೇರ ದಿಮ್ಮಿ ಬೇರೆ. ಒಂದು ಲಾರಿ ಇನ್ನೊಂದು ಲಾರಿಯಂತೆ ಇರುವುದಿಲ್ಲ. ಹಾಗಾಗಿ 'ಇವತ್ತಿನ ದರ ಇಷ್ಟು' ಅಂತ ಬೋರ್ಡಿನ ಮೇಲೆ ಬರೆಯುವ ಸರಕು ಇದಲ್ಲ. ಕಣ್ಣಿಂದ ನೋಡಿ, ತಟ್ಟಿ, ಚೌಕಾಸಿ ಮಾಡಿಯೇ ಬೆಲೆ ತೀರುತ್ತದೆ.

ಅಮೆರಿಕದ ಗಟ್ಟಿ ಕಟ್ಟಿಗೆ ನಿಜವಾಗಿಯೂ ಕಷ್ಟದಲ್ಲಿತ್ತು. ಅವರ ಅತಿ ದೊಡ್ಡ ಹೊರಗಿನ ಗಿರಾಕಿ ಚೀನಾ. 2025ರ ಮಾರ್ಚ್‌ನಲ್ಲಿ ದಿಮ್ಮಿಗಳಲ್ಲಿ ಹುಳ ಇದೆ ಅಂತ ಕಾರಣ ಕೊಟ್ಟು ಚೀನಾ ಅಮೆರಿಕದ ದಿಮ್ಮಿ ಆಮದನ್ನೇ ತಡೆಯಿತು. ಸುಂಕದ ಜಗಳ ನಡೆದಿದ್ದ ಹೊತ್ತು ಅದು. ನವೆಂಬರ್‌ನಲ್ಲಿ ಆ ತಡೆ ತೆಗೆದರು. ಅಷ್ಟರೊಳಗೆ ಅಲ್ಲಿನ ಮಿಲ್‌ಗಳಿಗೆ ಆಗಬೇಕಾದ ನಷ್ಟ ಆಗಿತ್ತು.

ಹಾಗಾದರೆ ಆ ಅಗ್ಗದ ಓಕ್ ನಮ್ಮಲ್ಲಿಗೆ ಬಂದು ಸಾಗವಾನಿ ರೇಟು ಮುರಿಯಬಹುದಿತ್ತಲ್ಲ? ಬೆಂಗಳೂರು, ಮುಂಬೈನ ಹೋಟೆಲ್ ಒಳಾಂಗಣಕ್ಕೆ ಸ್ವಲ್ಪ ಬರುತ್ತದೆ. ಕಲಬುರಗಿಯ ಮನೆಯ ಮುಂಬಾಗಿಲಿಗೆ ಬರುವುದಿಲ್ಲ. ಇಲ್ಲಿ ಕಪ್ಪು ಮಣ್ಣು, ಗೆದ್ದಲು, ಬೇಸಿಗೆಯಲ್ಲಿ 42-43 ಡಿಗ್ರಿ ಒಣ ಬಿಸಿಲು, ಅದರ ಬೆನ್ನಿಗೇ ಮಳೆ. ಸಾಗವಾನಿಯ ಚೇಗಿನಲ್ಲಿ, ಅಂದರೆ ಮರದ ನಡುವಿನ ಬಲಿತ ಗಟ್ಟಿ ಭಾಗದಲ್ಲಿ, ಎಣ್ಣೆ ಅಂಶ ಇದೆ, ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ, ಒಣಗಿದರೂ ಉಬ್ಬಿದರೂ ಆಕಾರ ಕೆಡುವುದು ಕಡಿಮೆ. ಓಕ್‌ಗೆ, ಆ್ಯಶ್‌ಗೆ ಈ ಗುಣ ಇಲ್ಲ. ಬೇಡಿಕೆ ಬೇರೆ, ಕೆಲಸ ಬೇರೆ. ಅದಕ್ಕೇ ಅಲ್ಲಿಯ ಕುಸಿತ ಇಲ್ಲಿಗೆ ತಲುಪುವುದಿಲ್ಲ.

ನಮಗೆ ಕಟ್ಟಿಗೆ ಬರುವುದು ಎಲ್ಲಿಂದ?

ಕಲಬುರಗಿ, ಯಾದಗಿರಿಯಲ್ಲಿ ಕಾಡು ತೀರ ಕಡಿಮೆ. ಬೀದರ್‌ನಲ್ಲೂ ಹೆಚ್ಚಿಲ್ಲ. ಚಿಂಚೋಳಿಯಲ್ಲಿ ಸಾಗವಾನಿ ಇರುವ ಒಣ ಕಾಡು ಇದೆ, ಆದರೆ ಅದು 2011ರಿಂದ ವನ್ಯಜೀವಿಧಾಮ. ಅಲ್ಲಿಂದ ಕಟ್ಟಿಗೆ ಮಾರುಕಟ್ಟೆಗೆ ಬರುವ ಪ್ರಶ್ನೆಯೇ ಇಲ್ಲ. ಹಿಂದೆ ಈ ಭಾಗದ ಮನೆಗಳಿಗೆ, ಬಂಡಿಗಳಿಗೆ, ಕೂರಿಗೆ ನೇಗಿಲಿಗೆ ಆಗಿಬಂದದ್ದು ಹೊಲದ ಜಾಲಿ, ಬೇವು. ಸಾಗವಾನಿ ಯಾವಾಗಲೂ ಹೊರಗಿಂದಲೇ ಬರಬೇಕಿತ್ತು. ಈಗ ಮೂರು ದಾರಿ.

ಒಂದು, ಉತ್ತರ ಕನ್ನಡ. ದಾಂಡೇಲಿ, ಹಳಿಯಾಳ, ಯಲ್ಲಾಪುರ ಕಡೆಯ ಅರಣ್ಯ ಇಲಾಖೆಯ ಡಿಪೋಗಳಲ್ಲಿ ಹರಾಜಾಗುವ ದಿಮ್ಮಿ. ಎರಡು, ಮಹಾರಾಷ್ಟ್ರದ ಚಂದ್ರಪುರ, ಬಲ್ಲಾರಪುರ ಕಡೆಯ ಮಾಲು. ವ್ಯಾಪಾರಿಗಳು ಈಗಲೂ ಹಳೆ ಬ್ರಿಟಿಷ್ ಪ್ರಾಂತ್ಯ ಸೆಂಟ್ರಲ್ ಪ್ರಾವಿನ್ಸಸ್ ಹೆಸರಿನಲ್ಲಿ ಸಿಪಿ ಟೀಕ್ ಅಂತಲೇ ಕರೆಯುತ್ತಾರೆ. ಅಯೋಧ್ಯೆಯ ರಾಮಮಂದಿರದ ಬಾಗಿಲುಗಳಿಗೆ 2023ರಲ್ಲಿ ಕಟ್ಟಿಗೆ ಹೋದದ್ದು ಅಲ್ಲಿಂದಲೇ. ಈ ಮಾಲು ನಮ್ಮಲ್ಲಿಗೆ ಬಹುಮಟ್ಟಿಗೆ ಹೈದರಾಬಾದ್ ಸುತ್ತಿ ಬರುತ್ತದೆ. ಬೀದರ್‌ಗೆ ಹೈದರಾಬಾದ್ ಸುಮಾರು 140 ಕಿಲೋಮೀಟರ್ ಅಷ್ಟೇ, ಹಾಗಾಗಿ ಬೀದರ್, ಹುಮನಾಬಾದ್ ಕಡೆಯವರು ಅಲ್ಲಿಗೇ ಹೋಗಿ ನೋಡಿ ತರುವುದೂ ಉಂಟು. ಮೂರು, ವಿದೇಶಿ ಮಾಲು. ಗುಜರಾತಿನ ಕಾಂಡ್ಲಾ ಬಂದರು, ಅದರ ಪಕ್ಕದ ಗಾಂಧೀಧಾಮ ಇದರ ದೊಡ್ಡ ಕೇಂದ್ರ. ಮುಂಬೈ, ಮಂಗಳೂರು, ತೂತ್ತುಕುಡಿಯಿಂದಲೂ ಬರುತ್ತದೆ.

ಮೊದಲ ಎರಡು ದಾರಿ ಕಿರಿದಾಗಿ ದಶಕಗಳೇ ಆದವು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡು ಇರುವುದು ಆದಾಯಕ್ಕಿಂತ ಮೊದಲು ಪರಿಸರಕ್ಕೆ ಅಂತ ಹೇಳಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಕಾಡು ಕಡಿಯುವುದಕ್ಕೆ, ಸಾ ಮಿಲ್‌ಗಳಿಗೆ ಬಿಗಿ ಹಗ್ಗ ಹಾಕಿತು. ಕಾಡಿಗೆ ಒಳ್ಳೆಯದೇ ಆಯಿತು. ಆದರೆ ಮನೆ ಕಟ್ಟುವವರ ಸಂಖ್ಯೆ ಕಡಿಮೆ ಆಗಲಿಲ್ಲ. ಆ ಕೊರತೆ ತುಂಬಿದ್ದು ಹಡಗು. ಹಡಗಿನಲ್ಲಿ ಬರುವ ಮಾಲಿನ ಜೊತೆ ಡಾಲರ್ ಕೂಡ ಬಂದು ಕೂತಿತು.

ಬರ್ಮಾ ಹೋಯಿತು, ಆಫ್ರಿಕಾ ಬಂತು

ಒಂದು ಕಾಲಕ್ಕೆ ಆಮದು ಸಾಗವಾನಿ ಅಂದರೆ ಬರ್ಮಾ. ಮ್ಯಾನ್ಮಾರ್‌ನ ಹಳೆಯ ಕಾಡಿನ ದಪ್ಪ ದಿಮ್ಮಿಗಳಿಗೆ ಭಾರತವೇ ದೊಡ್ಡ ಗಿರಾಕಿ ಆಗಿತ್ತು. 2014ರ ಏಪ್ರಿಲ್ 1ರಿಂದ ಆ ದೇಶ ದಿಮ್ಮಿ ರಫ್ತನ್ನು ನಿಷೇಧಿಸಿತು. ಬೇಕಾದರೆ ಅಲ್ಲೇ ಸೀಳಿ ಹಲಗೆ ಮಾಡಿ ತಗೊಂಡು ಹೋಗಿ ಅಂತ. 2021ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅಲ್ಲಿನ ಸರ್ಕಾರಿ ಟಿಂಬರ್ ಸಂಸ್ಥೆಯ ಮೇಲೆ ಅಮೆರಿಕ, ಯುರೋಪ್ ನಿರ್ಬಂಧ ಹೇರಿದವು. ವ್ಯಾಪಾರ ಇನ್ನೂ ಮಬ್ಬಾಯಿತು.

ಈ ಜಾಗಕ್ಕೆ ಬಂದದ್ದು ನೆಡುತೋಪಿನ ಸಾಗವಾನಿ. ಘಾನಾ, ಬೆನಿನ್, ಟಾಂಜಾನಿಯಾ, ಆ ಕಡೆ ಈಕ್ವೆಡಾರ್, ಪನಾಮ, ಕೋಸ್ಟರಿಕಾ. ಜಾತಿ ಅದೇ, ವಯಸ್ಸು ಬೇರೆ. ಕಾಡಿನ ಸಾಗವಾನಿಗೆ ಅರವತ್ತು ಎಂಬತ್ತು ವರ್ಷ ಆಗಿರುತ್ತಿತ್ತು. ನೆಡುತೋಪಿನದನ್ನು ಇಪ್ಪತ್ತು ಇಪ್ಪತ್ತೈದು ವರ್ಷಕ್ಕೇ ಕಡಿಯುತ್ತಾರೆ, ಕೆಲವನ್ನು ಅದಕ್ಕೂ ಮೊದಲೇ. ಚಿಕ್ಕ ಮರದಲ್ಲಿ ಚೇಗು ಕಡಿಮೆ, ಸುತ್ತಲಿನ ಬಿಳಿಪು ಜಾಸ್ತಿ. ಗೆದ್ದಲನ್ನು ತಡೆಯುವ ಗುಣ ಇರುವುದು ಚೇಗಿನಲ್ಲಿ, ಬಿಳಿಪಿನಲ್ಲಿ ಅಲ್ಲ. ಸಾಗವಾನಿ ಹಾಕಿಸಿದರೂ ಗೆದ್ದಲು ಹಿಡಿಯಿತು ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತದೆ.

ಇಷ್ಟಾದರೂ ಅಡ್ಡೆಗಳಲ್ಲಿ ಬರ್ಮಾ ಹೆಸರಿನ ದಿಮ್ಮಿ ಈಗಲೂ ಸಿಗುತ್ತದೆ! 2014ರಲ್ಲೇ ರಫ್ತು ನಿಂತ ದಿಮ್ಮಿ ಇವತ್ತು ಹೊಸದಾಗಿ ಬಂದಿದೆ ಅಂದರೆ, ಹೆಸರು ಮಾತ್ರ ಬರ್ಮಾದ್ದು ಅಂತ ತಿಳಿಯಬೇಕು.

ಡಾಲರ್ ಮಾಡಿದ ಕೆಲಸ

ಇಲ್ಲಿ ನಿಧಾನವಾಗಿ ಲೆಕ್ಕ ಹಾಕೋಣ. ಮ್ಯಾನ್ಮಾರ್ ನಿಷೇಧ ಬಂದ 2014ರಲ್ಲಿ ಒಂದು ಡಾಲರ್‌ಗೆ ಸುಮಾರು 60 ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಅದು 90 ದಾಟಿತು. ಅಂದರೆ ಘಾನಾದಲ್ಲಿ ಕೂತ ಮಾರಾಟಗಾರ ಹತ್ತು ವರ್ಷ ಒಂದು ಪೈಸೆ ರೇಟು ಏರಿಸದೆ 100 ಡಾಲರ್‌ಗೇ ಕೊಟ್ಟ ಅಂತ ಇಟ್ಟುಕೊಂಡರೂ, ನಮ್ಮ ಬಂದರಿನಲ್ಲಿ 6,000 ರೂಪಾಯಿಯದು 9,000 ಆಯಿತು. ಅರ್ಧದಷ್ಟು ಏರಿಕೆ, ಮರದಲ್ಲಿ ಏನೂ ಬದಲಾಗದೆ.

ಇದರ ಮೇಲೆ ಹಡಗಿನ ಬಾಡಿಗೆ, ಕಸ್ಟಮ್ಸ್ ಸುಂಕ ಬರುತ್ತದೆ. ಆಮೇಲೆ ಶೇ 18ರ ತೆರಿಗೆ. ಜಿಎಸ್‌ಟಿ ಬರುವುದು ಸುಂಕ ಸೇರಿಸಿದ ಮೊತ್ತದ ಮೇಲೆ. ಹಾಗಾಗಿ ರೂಪಾಯಿ ಬಿದ್ದಾಗ ತೆರಿಗೆಯ ದರ ಅಷ್ಟೇ ಇದ್ದರೂ ತೆರಿಗೆಯ ಮೊತ್ತ ತಾನಾಗಿ ಏರುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ.

ಕೊನೆಗೆ ಲಾರಿ. ನಮ್ಮ ಮೂರು ಜಿಲ್ಲೆಗಳಿಗೂ ಬಂದರು ದೂರ. ಮುಂಬೈ ಮಾಲು ಸೊಲ್ಲಾಪುರ ದಾಟಿ ಬರಬೇಕು, ಗಾಂಧೀಧಾಮದ್ದು ಇನ್ನೂ ದೂರದ್ದು. ಕಟ್ಟಿಗೆ ತೂಕದ ಸರಕು. ಅದರಲ್ಲೂ ದಿಮ್ಮಿಯಾಗಿ ತಂದರೆ ಅರ್ಧ ತೂಕ ಹೊಟ್ಟು, ಸಿಪ್ಪೆ, ಬಿಳಿಪು. ಅದಕ್ಕೂ ಡೀಸೆಲ್ ಸುಡಲೇಬೇಕು.

ಆಮದು ಮಾಲಿನ ರೇಟು ಏರಿದಾಗ ದಾಂಡೇಲಿ ಮಾಲಿನ ರೇಟು ಯಾಕೆ ಏರಬೇಕು, ಅದಕ್ಕೆ ಡಾಲರ್ ಇಲ್ಲವಲ್ಲ ಅಂತ ಕೇಳಬಹುದು. ಹರಾಜಿನಲ್ಲಿ ಕೂಗುವವನ ತಲೆಯಲ್ಲಿ ಆಮದು ಮಾಲಿನ ರೇಟು ಇರುತ್ತದೆ. ಆಫ್ರಿಕಾ ಮಾಲು ಇಷ್ಟಕ್ಕೆ ಬೀಳುತ್ತದೆ, ಅದಕ್ಕಿಂತ ಇದು ಒಳ್ಳೆಯದು, ಹಾಗಾದರೆ ಇದಕ್ಕೆ ಸ್ವಲ್ಪ ಜಾಸ್ತಿ ಕೊಡಬಹುದು ಅಂತ ಕೂಗುತ್ತಾನೆ. ಹೀಗೆ ಕಾಂಡ್ಲಾದ ದರ ಹಳಿಯಾಳದ ಡಿಪೋಗೆ ಬಂದು ಮುಟ್ಟುತ್ತದೆ.

ದಿಮ್ಮಿ ರೇಟು, ಹಲಗೆ ರೇಟು, ಚೌಕಟ್ಟಿನ ರೇಟು

ಗಿರಾಕಿಗೆ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ಡಿಪೋದ ಹರಾಜಿನಲ್ಲಿ ಒಂದು ರೇಟು ಕೇಳಿರುತ್ತಾರೆ. ಅಡ್ಡೆಯಲ್ಲಿ ಅದರ ಸುಮಾರು ಎರಡು ಪಟ್ಟು ಹೇಳುತ್ತಾರೆ. ಅರ್ಧಕ್ಕರ್ಧ ಲಾಭವಾ ಅಂತ ಸಿಟ್ಟು ಬರುತ್ತದೆ.

ದಿಮ್ಮಿಯ ಅಳತೆ ಹೀಗೆ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. 40 ಇಂಚು ಸುತ್ತಳತೆ, 8 ಅಡಿ ಉದ್ದದ ದಿಮ್ಮಿ ಹಿಡಿಯಿರಿ. ನಾಲ್ಕರ ಒಂದು ಪಾಲು 10 ಇಂಚು. ಹತ್ತು ಹತ್ತಲೆ ನೂರು, ಅದನ್ನು 144ರಿಂದ ಭಾಗಿಸಿ 8ರಿಂದ ಗುಣಿಸಿದರೆ ಸುಮಾರು 5.56 ಘನ ಅಡಿ. ಶಾಲೆಯಲ್ಲಿ ಕಲಿತ ಸಿಲಿಂಡರ್ ಸೂತ್ರ ಹಾಕಿದರೆ ಅದೇ ದಿಮ್ಮಿ 7.07 ಘನ ಅಡಿ ಇರುತ್ತದೆ. ಸೀಳುವಾಗ ಹೋಗುವುದಕ್ಕೆ ಅಂತ ಮೊದಲೇ ಐದರಲ್ಲಿ ಒಂದು ಪಾಲಿನಷ್ಟು ಬಿಟ್ಟುಕೊಟ್ಟ ಹಳೆ ಲೆಕ್ಕ ಇದು.

ಅದನ್ನು ಸೀಳಿದರೆ ನಿಜವಾದ ಗಾತ್ರದ ಅರ್ಧ, ಒಳ್ಳೆಯ ನೇರ ದಿಮ್ಮಿಯಾದರೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಕೆಲಸಕ್ಕೆ ಬರುವ ಮಾಲು ಸಿಗುತ್ತದೆ. ಅರ್ಧ ಅಂತಲೇ ಇಟ್ಟುಕೊಂಡರೆ 3.5 ಘನ ಅಡಿ. ಲೆಕ್ಕ ಸುಲಭ ಆಗಲಿ ಅಂತ ದಿಮ್ಮಿ ಘನ ಅಡಿಗೆ 1,000 ರೂಪಾಯಿ ಅಂತ ಹಿಡಿಯೋಣ, ಇದು ಪೇಟೆ ದರ ಅಲ್ಲ. ದಿಮ್ಮಿಗೆ 5,560 ರೂಪಾಯಿ ಆಯಿತು. ಅದನ್ನು 3.5 ಘನ ಅಡಿಗೆ ಹಂಚಿದರೆ ಘನ ಅಡಿಗೆ ಸುಮಾರು 1,590. ಇನ್ನೂ ಲಾರಿ ಬಾಡಿಗೆ, ಸೀಳುವ ಕೂಲಿ, ವ್ಯಾಪಾರಿಯ ಬಡ್ಡಿ, ಲಾಭ ಯಾವುದೂ ಸೇರಿಲ್ಲ. ಬರೀ ಇದರ ಮೇಲೆ ಶೇ 18 ಹಾಕಿದರೇ 1,876 ಆಗುತ್ತದೆ. ಎರಡು ಪಟ್ಟು ಆಗುವುದಕ್ಕೆ ಮೋಸ ಬೇಕಾಗಿಲ್ಲ, ಗರಗಸ ಸಾಕು.

ಮೋಸ ಇರುವುದು ಮುಂದಿನ ಮೆಟ್ಟಿಲಲ್ಲಿ. ಮುಂಬಾಗಿಲಿಗೆ 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ, 5 ಇಂಚು 3 ಇಂಚಿನ ಚೌಕಟ್ಟು ಅಂತ ಹೇಳುತ್ತೀರಿ. ಎರಡು ನಿಲುವು, ಒಂದು ಮೇಲಡ್ಡ, ಒಂದು ಹೊಸ್ತಿಲು. ಒಟ್ಟು 21 ಅಡಿ. ಐದು ಮೂರಲೆ ಹದಿನೈದು, 144ರಿಂದ ಭಾಗಿಸಿ 21ರಿಂದ ಗುಣಿಸಿದರೆ ಸುಮಾರು 2.19 ಘನ ಅಡಿ. ಬಿಲ್ ಇದಕ್ಕೇ ಆಗುತ್ತದೆ.

ಮನೆಗೆ ಬಂದ ಚೌಕಟ್ಟನ್ನು ಟೇಪ್ ಹಿಡಿದು ಅಳೆದರೆ ಎಷ್ಟೋ ಸಲ ನಾಲ್ಕೂಮುಕ್ಕಾಲು, ಎರಡೂಮುಕ್ಕಾಲು ಇರುತ್ತದೆ. ಕೀಸುಳಿ ಹೊಡೆದಾಗ ಹೋಯಿತು ಅನ್ನುತ್ತಾರೆ. ಸ್ವಲ್ಪ ಹೋಗುವುದು ನಿಜವೇ. ಆದರೆ ಎರಡೂ ಕಡೆ ಕಾಲು ಇಂಚು ಕಡಿಮೆ ಅಂದರೆ ಕಟ್ಟಿಗೆ ಸುಮಾರು ಶೇ 13 ಕಡಿಮೆ. ಸಿಮೆಂಟ್ ತೆರಿಗೆ ಇಳಿದದ್ದು ಶೇಕಡಾ ಹತ್ತು ಅಂಶ. ಅದರ ಬಗ್ಗೆ ಊರೆಲ್ಲ ಮಾತಾಡಿತು. ಈ ಶೇ 13ರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇದಕ್ಕೆ ಬಡಿಗರ ಹತ್ತಿರವೂ, ಅಡ್ಡೆಯವರ ಹತ್ತಿರವೂ ಉತ್ತರ ಇದೆ: ಎಲ್ಲರೂ ಹೀಗೇ ಮಾಡುತ್ತಾರೆ, ಪೂರ್ತಿ ಅಳತೆ ಕೊಟ್ಟರೆ ನಮ್ಮ ರೇಟು ಪಕ್ಕದವರಿಗಿಂತ ದುಬಾರಿ ಕಾಣುತ್ತದೆ, ಗಿರಾಕಿ ಅಲ್ಲಿಗೆ ಹೋಗುತ್ತಾನೆ. ಅದೂ ಸುಳ್ಳಲ್ಲ. ಗಿರಾಕಿ ಘನ ಅಡಿಯ ರೇಟೊಂದನ್ನೇ ಕೇಳಿ ಅಂಗಡಿ ಅಂಗಡಿ ಹೋಲಿಸಿದರೆ, ಅಂಗಡಿಯವನು ರೇಟು ಇಳಿಸಿ ಅಳತೆ ಕದಿಯುವುದನ್ನೇ ಕಲಿಯುತ್ತಾನೆ. ಕೀಸಿದ ಮೇಲೆ ಇಷ್ಟು ಇರಬೇಕು ಅಂತ ಮೊದಲೇ ಬರೆಸಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ರೇಟು ಸ್ವಲ್ಪ ಜಾಸ್ತಿ ಹೇಳುತ್ತಾರೆ, ಹೇಳಲಿ.

ಗಿರಾಕಿ ಇಲ್ಲದಾಗಲೂ ದರ ಯಾಕೆ ಇಳಿಯುವುದಿಲ್ಲ?

2025ರಲ್ಲಿ ನಮ್ಮ ಭಾಗದ ಕೈ ಖಾಲಿ ಇತ್ತು. ತೊಗರಿ ದರ ಪೇಟೆಯಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು. ಆಗಸ್ಟ್, ಸೆಪ್ಟೆಂಬರ್ ಮಳೆ, ಮೇಲಿಂದ ಭೀಮಾ ನದಿಯ ಪ್ರವಾಹ ಕಲಬುರಗಿ, ಯಾದಗಿರಿ, ಬೀದರ್‌ನ ಬೆಳೆ ನುಂಗಿತು. 2025-26ಕ್ಕೆ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿದರೂ, ಬೆಳೆಯೇ ಹೋದವರಿಗೆ ಅದರಿಂದ ಏನು ಬಂತು? ಈ ಭಾಗದಲ್ಲಿ ಹಳ್ಳಿಯ ಮನೆ ಮೇಲೇಳುವುದು ತೊಗರಿ ರೊಕ್ಕದ ಮೇಲೆ. ಅದು ಬರದಿದ್ದರೆ ಗೋಡೆ ಲಿಂಟಲ್‌ವರೆಗೆ ಬಂದು ನಿಲ್ಲುತ್ತದೆ.

ಬೇಡಿಕೆ ಬಿದ್ದರೆ ದರ ಬೀಳಬೇಕು ಅನ್ನುವುದು ತರಕಾರಿಗೆ ಸರಿ. ಸಾಗವಾನಿ ಕೆಡುವ ಮಾಲಲ್ಲ. ನೆರಳಲ್ಲಿ ಒಟ್ಟಿಟ್ಟರೆ ಒಣಗಿ ಇನ್ನೂ ಒಳ್ಳೆಯದಾಗುತ್ತದೆ. ದುಬಾರಿ ಕೊಟ್ಟು ತಂದ ವ್ಯಾಪಾರಿ ನಷ್ಟಕ್ಕೆ ಮಾರುವ ಬದಲು ಕಾಯುತ್ತಾನೆ. ಬ್ಯಾಂಕಿನ ಬಡ್ಡಿ ಕುತ್ತಿಗೆಗೆ ಬಂದರೆ ಮಾತ್ರ ಬಿಡುತ್ತಾನೆ. ಹಾಗಾಗಿ ಮಂದಿ ಬರದ ಕಾಲ ರೇಟಿನಲ್ಲಿ ಕಾಣುವುದಿಲ್ಲ, ಬೇರೆ ಕಡೆ ಕಾಣುತ್ತದೆ. ಉದ್ದರಿ ಎರಡು ತಿಂಗಳು ಜಾಸ್ತಿ ಸಿಗುತ್ತದೆ. ಸೀಳುವ ಕೂಲಿ ಬಿಡುತ್ತಾರೆ. ಬಿಳಿಪಿಲ್ಲದ ತುಂಡು ಆರಿಸಿಕೊಳ್ಳಲು ಬಿಡುತ್ತಾರೆ. ದರ ಕೇಳಿ 'ಇಳಿದಿಲ್ಲ' ಅಂತ ಬರುವ ಬದಲು ಇವನ್ನು ಕೇಳಿದವರಿಗೇ ಲಾಭ. ಯುಗಾದಿ, ಬಸವ ಜಯಂತಿ ಸುತ್ತಮುತ್ತ ಚೌಕಟ್ಟು ಪೂಜೆಗೆ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಈ ಸವಲತ್ತು ಯಾವುದೂ ಇರುವುದಿಲ್ಲ.

ರೈತನಿಗೆ ಯಾಕೆ ಆ ಬೆಲೆ ಸಿಗುವುದಿಲ್ಲ?

ಅತ್ತ ಗಿರಾಕಿ ದುಬಾರಿ ಅನ್ನುತ್ತಾನೆ, ಇತ್ತ ಬದುವಿನಲ್ಲಿ ಸಾಗವಾನಿ ಬೆಳೆಸಿದ ರೈತ ತನ್ನ ಮರಕ್ಕೆ ಕೇಳುವವರಿಲ್ಲ ಅನ್ನುತ್ತಾನೆ. ಇಬ್ಬರ ಮಾತೂ ನಿಜ. 1990ರ ದಶಕದಲ್ಲಿ ಸಾಗವಾನಿ ಹಚ್ಚಿದರೆ ಇಪ್ಪತ್ತು ವರ್ಷಕ್ಕೆ ಲಕ್ಷಾಧೀಶ ಅಂತ ಕಂಪನಿಗಳು ಜಾಹೀರಾತು ಹಾಕಿದ್ದವು. ಎಷ್ಟೋ ಕಂಪನಿಗಳು ಜನರ ದುಡ್ಡು ಮುಳುಗಿಸಿದವು, ಕೊನೆಗೆ 1999ರಲ್ಲಿ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ಇಂಥ ಯೋಜನೆಗಳಿಗೆ ನಿಯಮ ತಂದಿತು. ಆ ಹವಾದಲ್ಲಿ ಹಚ್ಚಿದ ಮರಗಳು ಅಲ್ಲಲ್ಲಿ ಈಗಲೂ ನಿಂತಿವೆ.

ತೊಡಕು ದಪ್ಪದ್ದು. ಒಣ ಭೂಮಿಯಲ್ಲಿ, ನೀರಿಲ್ಲದೆ, ಒತ್ತೊತ್ತಾಗಿ ಬೆಳೆದ ಮರ 20 ಇಂಚು ಸುತ್ತಳತೆಗೆ ಬರಲೂ ಒದ್ದಾಡುತ್ತದೆ. 20 ಇಂಚು ಅಂದರೆ ಅಡ್ಡಳತೆ ಸುಮಾರು 6.4 ಇಂಚು. ಅದರಿಂದ 5-3ರ ಒಂದು ತುಂಡು ಹೊರಡುತ್ತದೆ, ಮೂಲೆ ನಾಲ್ಕೂ ಬಿಳಿಪು. ಅದನ್ನು ಮುಂಬಾಗಿಲಿಗೆ ಯಾರೂ ತಗೊಳ್ಳುವುದಿಲ್ಲ. ಹಾಗಾಗಿ ಸಣ್ಣ ಸುತ್ತಳತೆಯ ಸಾಗವಾನಿಗೂ ದೊಡ್ಡ ಸುತ್ತಳತೆಯದಕ್ಕೂ ಘನ ಅಡಿ ದರದಲ್ಲೇ ಭಾರಿ ಅಂತರ ಇದೆ. ಪೇಪರಿನಲ್ಲಿ ಬರುವ ಸಾಗವಾನಿ ದರ ದೊಡ್ಡದರದ್ದು, ರೈತನ ಹತ್ತಿರ ಇರುವುದು ಸಣ್ಣದು.

ಎರಡನೆಯ ತೊಡಕು ಕಾಗದ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಹೊಲದ ಸಾಗವಾನಿ ಕಡಿಯಲೂ ಅನುಮತಿ ಬೇಕು. ಅರಣ್ಯ ನಿಯಮದ ಪ್ರಕಾರ ಸಾಗಿಸಲು ಪಾಸ್ ಬೇರೆ ಬೇಕು. ಇದನ್ನು ಓಡಾಡಿ ಮಾಡಿಸುವವನು ದಲ್ಲಾಳಿ. ಆ ಓಡಾಟದ ಬೆಲೆಯನ್ನು ಅವನು ರೈತನ ರೇಟಿನಿಂದ ಮೊದಲೇ ಕಡಿದುಕೊಳ್ಳುತ್ತಾನೆ.

2025ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೃಷಿ ಭೂಮಿಯ ಮರ ಕಡಿಯಲು ಮಾದರಿ ನಿಯಮ ಕಳಿಸಿತು. ತೋಟವನ್ನು ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಹತ್ತು ಮರದವರೆಗೆ ಆದರೆ ಫೋಟೊ ಹಾಕಿ ಅರ್ಜಿ ಕೊಟ್ಟರೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ಸ್ಥಳಕ್ಕೆ ಬಂದು ನೋಡುತ್ತಾರೆ. ಇದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಜಾರಿ ಮಾಡಬೇಕು.

ಇದರ ಬಗ್ಗೆ ವಾದ ಎರಡು ಕಡೆಗಿದೆ. ಪರವಾಗಿ ಮಾತಾಡುವವರು, ಕಡಿಯುವುದು ಸುಲಭ ಆದರೆ ರೈತ ಧೈರ್ಯವಾಗಿ ಹಚ್ಚುತ್ತಾನೆ, ಆಮದು ತಗ್ಗುತ್ತದೆ ಅನ್ನುತ್ತಾರೆ. ವಿರುದ್ಧ ಇರುವವರ ಭಯ, ಕಾಡಿನಿಂದ ಕದ್ದ ಮಾಲು ಹೊಲದ ಹೆಸರಿನ ಕಾಗದ ಹೊದ್ದು ಹೊರಬರುತ್ತದೆ ಅನ್ನುವುದು. ದಾಂಡೇಲಿ ಸುತ್ತ ಈ ಭಯಕ್ಕೆ ಅರ್ಥ ಇದೆ. ಕಾಡು ತೀರ ಕಡಿಮೆ ಇರುವ ಅಫಜಲಪುರ, ಜೇವರ್ಗಿ, ಶಹಾಪುರದಲ್ಲಿ ಕದಿಯಲು ಏನಿದೆ? ಕಾಡಿನ ಅಂಚಿನ ತಾಲ್ಲೂಕಿಗೂ ಬಯಲು ಸೀಮೆಗೂ ಒಂದೇ ಬಿಗಿ ನಿಯಮ ಇಡುವುದು ಸುಮ್ನೆ ದಲ್ಲಾಳಿಗೆ ಸಂಬಳ ಕೊಟ್ಟಂತೆ. ಅರಣ್ಯ ಸಚಿವರಾಗಿ 2023ರಲ್ಲಿ ಅಧಿಕಾರ ವಹಿಸಿದ ಈಶ್ವರ ಖಂಡ್ರೆ ಬೀದರ್ ಜಿಲ್ಲೆಯ ಭಾಲ್ಕಿಯವರೇ. ಬಯಲು ಸೀಮೆಯ ಈ ವ್ಯತ್ಯಾಸ ಅವರಿಗೆ ಬೇರೆಯವರು ತಿಳಿಸಬೇಕಾಗಿಲ್ಲ.

ಮುಂದೆ ಏನಾಗಬಹುದು?

ದಪ್ಪ, ಚೇಗು ತುಂಬಿದ ಸಾಗವಾನಿ ಅಗ್ಗ ಆಗುವ ದಾರಿ ಯಾವುದೂ ಕಾಣುವುದಿಲ್ಲ. ಹಳೆ ಮರ ಕಡಿಮೆ ಆಗುತ್ತಲೇ ಇದೆ, ರೂಪಾಯಿ ಬಲ ಆಗುವ ಸೂಚನೆ ಇಲ್ಲ. ಅದು ನಿಧಾನವಾಗಿ ಏರುತ್ತಲೇ ಹೋಗುವುದೇ ಹೆಚ್ಚು ಸಂಭವ. ಕಡಿಯುವ ನಿಯಮ ಸಡಿಲವಾದರೆ ಮಾರುಕಟ್ಟೆಗೆ ನುಗ್ಗುವುದು ಸಣ್ಣ ಸುತ್ತಳತೆಯ ಮಾಲು. ಆಗ ಸಣ್ಣದರ ದರ ಮೊದಲೆರಡು ವರ್ಷ ಬೀಳಲೂಬಹುದು, ದೊಡ್ಡದರದ್ದಕ್ಕೆ ಏನೂ ಆಗುವುದಿಲ್ಲ. ಬದುವಿನ ಮರ ಮಾರಲು ನಿಯಮ ಸಡಿಲ ಆಗಲಿ ಅಂತ ಕಾಯುತ್ತಿರುವವರು, ಎಲ್ಲರೂ ಅದೇ ದಿನಕ್ಕೆ ಕಾಯುತ್ತಿದ್ದಾರೆ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಮನೆಯೊಳಗೆ ಸಾಗವಾನಿಯ ಜಾಗ ಈಗಾಗಲೇ ಕುಗ್ಗಿದೆ. ಬಚ್ಚಲಿಗೆ ಗ್ರಾನೈಟ್ ಚೌಕಟ್ಟು, ಕಿಟಕಿಗೆ ಯುಪಿವಿಸಿ ಅಥವಾ ಅಲ್ಯೂಮಿನಿಯಂ, ಒಳ ಕೋಣೆಗೆ ಫ್ಲಶ್ ಡೋರ್, ಹಿತ್ತಿಲಿಗೆ ಕಬ್ಬಿಣ. ಉಳಿದಿರುವುದು ಮುಂಬಾಗಿಲು, ದೇವರ ಮನೆ. ಒಬ್ಬೊಬ್ಬ ಗಿರಾಕಿ ಕೊಳ್ಳುವ ಘನ ಅಡಿ ಕಡಿಮೆ ಆದಷ್ಟೂ ಅವನು ಘನ ಅಡಿಗೆ ಜಾಸ್ತಿ ಕೊಡಲು ತಯಾರಾಗುತ್ತಾನೆ, ಮುಂಬಾಗಿಲಿಗೆ ಚೌಕಾಸಿ ಬೇಡ ಅಂತ. ಬೇರೆ ಸಾಮಗ್ರಿ ಬಂದರೂ ಸಾಗವಾನಿ ದರ ಮುರಿಯದಿರಲು ಇದೂ ಒಂದು ಕಾರಣ.

ಬಜೆಟ್ ಬಿಗಿ ಇರುವವರಿಗೆ ಮತ್ತಿ, ಹೊನ್ನೆ, ಮಲೇಶಿಯಾದಿಂದ ಬರುವ ಗಟ್ಟಿ ಜಾತಿಗಳಿವೆ. ಚೆನ್ನಾಗಿ ಒಣಗಿದ ಬೇವೂ ಇದೆ. ಈ ಭಾಗದ ಹಳೆ ಮನೆಗಳಲ್ಲಿ ಬೇವಿನ ಚೌಕಟ್ಟು ತಲೆಮಾರು ದಾಟಿ ನಿಂತಿರುವುದನ್ನು ಈಗಲೂ ನೋಡಬಹುದು. ಯಾವುದೇ ಜಾತಿ ಆದರೂ ಹಸಿ ಕಟ್ಟಿಗೆ ಬೇಡ. ಮಳೆಗಾಲದಲ್ಲಿ ಬಂದ ಹಸಿ ಮಾಲನ್ನು ಯುಗಾದಿಗೆ ಕೂರಿಸಿದರೆ ಏಪ್ರಿಲ್ ಬಿಸಿಲಿಗೆ ಅದು ಗೋಡೆ ಬಿಟ್ಟು ಬಾಗುತ್ತದೆ. ಮನೆ ಪಾಯ ಹಾಕಿದ ದಿನವೇ ಕಟ್ಟಿಗೆ ಕೊಂಡು, ಸೀಳಿಸಿ, ನೆರಳಲ್ಲಿ, ಗಾಳಿ ಆಡುವಂತೆ ನಡುನಡುವೆ ಮರದ ಪಟ್ಟಿ ಕೊಟ್ಟು ಒಟ್ಟಿಡುವುದು ಉತ್ತಮ. ಲಿಂಟಲ್ ಬರುವ ಹೊತ್ತಿಗೆ ಅದು ಒಂದಷ್ಟು ಒಣಗಿರುತ್ತದೆ, ಹಬ್ಬದ ನೂಕುನುಗ್ಗಲಿಗಿಂತ ಮೊದಲೇ ಕೊಂಡದ್ದರಿಂದ ಆರಿಸಿಕೊಳ್ಳಲೂ ಸಿಕ್ಕಿರುತ್ತದೆ.